ನೆಲಮಹಡಿ ಯಾವುದೆಂದು ಕೇಳಬೇಕಾದ ಊರು

ಹಡಗಿನಿಂದಿಳಿದು ದಂಡೆಯ ಮೇಲಿನ ರಸ್ತೆಗೆ ಬಂದಾಗ, ಮೊಬೈಲ್ ನಕ್ಷೆ ಹೋಟೆಲಿಗೆ 180 ಮೀಟರ್ ಎಂದು ತೋರಿಸಿತು. ಅಷ್ಟು ದೂರಕ್ಕೆ ನಮಗೆ ಐವತ್ತು ನಿಮಿಷ ಬೇಕಾಯಿತು. ನಕ್ಷೆಯ ಚುಕ್ಕೆಯ ಮೇಲೆಯೇ ನಿಂತಿದ್ದರೂ ಹೋಟೆಲ್ ಕಾಣಲಿಲ್ಲ. ಅದು ನಮ್ಮ ತಲೆಯ ಮೇಲೆ, ಹತ್ತು ಮಹಡಿಯೆತ್ತರದ ಇನ್ನೊಂದು ರಸ್ತೆಯಲ್ಲಿತ್ತು. ಕೊನೆಗೆ ಒಬ್ಬ ಹುಡುಗಿ ನಮ್ಮ ಚೀಲವೊಂದನ್ನು ತಾನೇ ಎತ್ತಿಕೊಂಡು, ಬಟ್ಟೆಯಂಗಡಿಯೊಂದರ ಹಿಂದಿದ್ದ ಲಿಫ್ಟಿಗೆ ಕರೆದೊಯ್ದು ಹನ್ನೊಂದನೆಯ ಗುಂಡಿ ಒತ್ತಿದಳು. ಬಾಗಿಲು ತೆರೆದರೆ ಅಲ್ಲಿ ಬಸ್ಸುಗಳು ಓಡಾಡುತ್ತಿದ್ದವು.

ಚೋಂಗ್‌ಚಿಂಗ್ ನಮ್ಮ ಪ್ರವಾಸದ ಕೊನೆಯ ಊರು. ಚೀನಾದ ಪ್ರವಾಸಿ ವೀಸಾ ಕೈಗೆ ಬಂದದ್ದೇ ತಡ, ನಮ್ಮ ಯಜಮಾನರು ನಕ್ಷೆ ಹರಡಿ ಕೂತರು. ನವೆಂಬರಿನಲ್ಲಿ ಶಾಂಘೈಯಿಂದ ಹೊರಟು ನಾನ್‌ಜಿಂಗ್, ವುಹಾನ್ ದಾಟಿ, ಯೀಚಾಂಗ್‌ನಲ್ಲಿ ಹಡಗು ಹತ್ತಿ, ಮೂರು ಕಮರಿಗಳ ನಡುವೆ ಯಾಂಗ್ಟ್ಸಿ ನದಿಯ ಪ್ರವಾಹಕ್ಕೆ ಎದುರಾಗಿ ಬಂದಿದ್ದೆವು. ಹಡಗಿನಲ್ಲಿ ಕಾಲು ಚಾಚಿ ಕೂತದ್ದೇ ಹೆಚ್ಚು. 10 ಯುವಾನ್ ನೋಟಿನ ಹಿಂಬದಿಯಲ್ಲಿರುವ ಕುಯಿಮನ್ ಕಮರಿಬಾಯಿ ಬಂದಾಗ ಎಲ್ಲರೂ ನೋಟು ಹಿಡಿದು ಫೋಟೋ ತೆಗೆಸಿಕೊಂಡರು, ನಾವೂ ತೆಗೆಸಿಕೊಂಡೆವು. ಇಪ್ಪತ್ತಮೂರನೆಯ ದಿನ ಈ ಊರಿಗೆ ಇಳಿದಾಗ ಇವರ ಕೈಯಲ್ಲಿ ಹದಿನಾಲ್ಕು ಜಾಗಗಳ ಪಟ್ಟಿಯಿತ್ತು. ನನ್ನ ಬಳಿ ಇದ್ದದ್ದು ಎರಡು ಸವೆದ ಮಂಡಿಗಳು ಮತ್ತು ಒಂದು ಚೀಲ ಕೊಳೆ ಬಟ್ಟೆ.

ಆದ್ದರಿಂದ ಮೊದಲ ದಿನ ಬಟ್ಟೆ ಒಗೆದೆವು. ಉದ್ದ ಪ್ರವಾಸದ ಕೊನೆಗೆ ದೊಡ್ಡ ಊರನ್ನು ಇಟ್ಟುಕೊಂಡವರು ಮೊದಲ ದಿನವನ್ನು ಹೀಗೆ ಕಳೆಯುವುದೇ ಒಳ್ಳೆಯದು ಎಂದು ನನ್ನ ಎಣಿಕೆ. ಹೋಟೆಲಿನ ಒಗೆಯುವ ಯಂತ್ರದ ಮುಂದೆ ಕೂತು ಇವರ ಪಟ್ಟಿಯಲ್ಲಿ ಎಂಟನ್ನು ಹೊಡೆದುಹಾಕಿದೆ. ಕೇಬಲ್ ಕಾರ್ ಹೋದದ್ದಕ್ಕೆ ಇವರು ಬಹಳ ನೊಂದುಕೊಂಡರು. 1987ರಿಂದ ಓಡುತ್ತಿರುವ, ಯಾಂಗ್ಟ್ಸಿಯ ಮೇಲೆ 1,166 ಮೀಟರ್ ಸಾಗುವ ತೂಗುಪೆಟ್ಟಿಗೆ ಅದು. ಸಾಲು ನೋಡಿದರೆ ಧರ್ಮಸ್ಥಳದ ರಜಾದಿನದ ಸಾಲಿಗಿಂತ ಕಡಿಮೆಯೇನಿರಲಿಲ್ಲ. "ರೀ, ನೀವು ನಿಲ್ಲುವುದಾದರೆ ನಿಲ್ಲಿ, ನಾನು ಕೆಳಗೆ ಕೂತಿರುತ್ತೇನೆ" ಎಂದೆ. ಒಬ್ಬರೇ ಹೋಗಲು ಇವರಿಗೆ ಮನಸ್ಸಾಗಲಿಲ್ಲ.

ಎರಡನೆಯ ದಿನ ಒಂದು ಪಾಠವಾಯಿತು. ಲಿಫ್ಟಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯುವುದು ಜಾಣತನವೆಂದು ಯಾರಿಗಾದರೂ ತೋಚುತ್ತದೆ, ನಮಗೂ ತೋಚಿತ್ತು. ಮಂಡಿ ಸವೆದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎನ್ನುವುದು ಗೊತ್ತಿದ್ದೂ ಮರೆತಿದ್ದೆ. ಇನ್ನೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಗೋಡೆ ಹಿಡಿದುಕೊಳ್ಳಬೇಕಾಯಿತು. ಅಂದು ಸಂಜೆ ಕ್ರಮವನ್ನೇ ತಿರುವಿಹಾಕಿದೆವು. ಹತ್ತುವುದು ಕಾಲಿನಲ್ಲಿ, ನಿಧಾನವಾಗಿ, ಕೂತು ಎದ್ದು, ಇಳಿಯುವುದು ಯಂತ್ರದಲ್ಲಿ. ಈ ಊರಿನಲ್ಲಿ ಅದು ಸಾಧ್ಯ, ಏಕೆಂದರೆ ಇಲ್ಲಿ ಲಿಫ್ಟು, ಎಸ್ಕಲೇಟರುಗಳೂ ಬಸ್ಸಿನ ಹಾಗೆ ಊರ ಸಾರಿಗೆಯೇ. ಲ್ಯಾಂಗ್‌ಲುಕೌ ಹತ್ತಿರದ ಕ್ರೌನ್ ಎಸ್ಕಲೇಟರ್ 112 ಮೀಟರ್ ಉದ್ದ, 1996ರದ್ದು, ಟಿಕೆಟ್ 2 ಯುವಾನ್. ಅದರಲ್ಲಿ ನಿಂತು ಕೆಳಗೆ ನೋಡಬಾರದು, ತಲೆ ಸುತ್ತುತ್ತದೆ. ಕಾಯ್‌ಶುವಾನ್ ರಸ್ತೆಯ ಲಿಫ್ಟ್ ಇನ್ನೂ ಹಳೆಯದು. ತರಕಾರಿ ಚೀಲ ಹಿಡಿದ ಅಜ್ಜಿಯರ ಜೊತೆ ನಾವೂ ತಲಾ ಒಂದು ಯುವಾನ್ ಕೊಟ್ಟು ನಿಂತೆವು.

ಆ ಲಿಫ್ಟಿಗೆ ಹೊಂದಿಕೊಂಡೇ ನಮ್ಮ ಅತ್ಯುತ್ತಮ ನಡಿಗೆ ಆದದ್ದು. ಕೆಳಗಿನ ಊರಿನಿಂದ ಮೇಲಿನ ಊರಿಗೆ ಹೋಗುವ ಷಿಬಾತಿ ಮೆಟ್ಟಿಲ ಓಣಿಯನ್ನು ಹತ್ತಿ ಚ್ಯಾವ್‌ಚಾಂಗ್‌ಕೌ ಸೇರಿ, ಅಲ್ಲಿಂದ ಲಿಫ್ಟಿನಲ್ಲಿ ಇಳಿದೆವು. ಷಿಬಾತಿಯನ್ನು ಕೆಡವಿ ಹೊಸದಾಗಿ ಕಟ್ಟಿದ್ದಾರೆ. ಅಂಗಡಿಗಳು ಜಾಸ್ತಿ, ಹಳೆಯದು ಎನ್ನಲು ಏನೂ ಇಲ್ಲ. ಆದರೆ ಕಲ್ಲುಗೋಡೆಗಳನ್ನು ಬೇರಿನಿಂದ ತಬ್ಬಿ ನಿಂತ ಮರಗಳನ್ನು ಯಾರೂ ಹೊಸದಾಗಿ ಮಾಡಲಾರರು. ಎಲೆ, ಬೇರು ನೋಡಿ ಎಲ್ಲೋ ಕಂಡ ಮರವಲ್ಲವೇ ಎನಿಸಿತು. ಹುಡುಕಿದರೆ, ಚೋಂಗ್‌ಚಿಂಗ್ ತನ್ನ ನಗರವೃಕ್ಷವೆಂದು ಆರಿಸಿಕೊಂಡಿರುವ ಈ ಹುವಾಂಗ್‌ಜುಯೆ ನಮ್ಮ ಬಸರಿ ಮರವೇ! ಸಾಗರದ ನಮ್ಮ ಶಾಲೆಯ ಹಿಂದೆ ಇಂಥದ್ದೇ ಒಂದಿತ್ತು. ಮೂವತ್ತು ವರ್ಷ ಅದರ ನೆರಳಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳು ನಾನು.

ಮೇಲೆ ಚ್ಯಾವ್‌ಚಾಂಗ್‌ಕೌನಲ್ಲಿ ಒಂದು ಸುರಂಗದ ಸ್ಮಾರಕವಿದೆ. ಯುದ್ಧಕಾಲದಲ್ಲಿ ಚೀನಾದ ರಾಜಧಾನಿಯಾಗಿದ್ದ ಈ ಊರಿನ ಮೇಲೆ ಜಪಾನಿನ ವಿಮಾನಗಳು 1938ರಿಂದ 1943ರವರೆಗೆ ಬಾಂಬು ಸುರಿಸಿದವು. 1941ರ ಜೂನ್ 5ರ ರಾತ್ರಿ ಸುರಂಗದಲ್ಲಿ ಅಡಗಿದ್ದ ಜನ ಗಾಳಿಯಿಲ್ಲದೆ, ತುಳಿತಕ್ಕೆ ಸಿಕ್ಕಿ ಸತ್ತರು. 1939ರ ಆಗಸ್ಟಿನಲ್ಲಿ ನೆಹರೂ ಇಲ್ಲಿಗೆ ಬಂದಿದ್ದಾಗಲೂ ದಾಳಿ ನಡೆಯುತ್ತಿತ್ತು. ಯುದ್ಧದ ಗಾಯಾಳುಗಳ ಚಿಕಿತ್ಸೆಗೆಂದು ಭಾರತದಿಂದ ಬಂದಿದ್ದ ಸೊಲ್ಲಾಪುರದ ಡಾ. ಕೋಟ್ನೀಸ್ ಮತ್ತು ಅವರ ಜೊತೆಗಾರ ವೈದ್ಯರು ಚೀನೀ ಕಮ್ಯುನಿಸ್ಟರ ನೆಲೆಯಾಗಿದ್ದ ಯಾನ್‌ಆನ್‌ಗೆ ಹೋಗುವ ಮೊದಲು ಇದ್ದದ್ದೂ ಈ ಊರಿನಲ್ಲೇ. ಮಂಜಿನ ಕಾಲ ಬಂದರೆ ವಿಮಾನಗಳಿಗೆ ಊರು ಕಾಣದು, ಹಾಗಾಗಿ ಜನ ಮಂಜಿಗಾಗಿ ಕಾಯುತ್ತಿದ್ದರಂತೆ. ನಾವಂತೂ ಮೂರು ದಿನದಿಂದ ಮಂಜನ್ನು ಬೈಯುತ್ತಿದ್ದೆವು. ಆಮೇಲೆ ಸ್ವಲ್ಪ ಹೊತ್ತು ಬೈಯಲಿಲ್ಲ.

ಊಟದ ವಿಷಯ ಸಸ್ಯಾಹಾರಿಗಳಿಗೆ ಬಿಡಿಸಿ ಹೇಳಬೇಕು. ಚೋಂಗ್‌ಚಿಂಗ್ ಎಂದರೆ ಹಾಟ್‌ಪಾಟ್, ಮೇಜಿನ ಮೇಲೆಯೇ ಕುದಿಯುವ ಖಾರದ ಸಾರಿನಲ್ಲಿ ಬೇಕಾದ್ದನ್ನು ಬೇಯಿಸಿಕೊಂಡು ತಿನ್ನುವ ಊಟ. ಒಂದು ಸಣ್ಣ ಹೋಟೆಲಿನಲ್ಲಿ ತರಕಾರಿ, ಅಣಬೆ ಮಾತ್ರ ಆರಿಸಿ ನಿಶ್ಚಿಂತೆಯಿಂದ ಕೂತೆವು. ಆತ ಬಾಣಲೆಗೆ ಇಟ್ಟಿಗೆಯಂಥ ಕೆಂಪು ಗಟ್ಟಿಯನ್ನು ಹಾಕಿದ, ಅದು ಕರಗತೊಡಗಿತು. ದನದ ಕೊಬ್ಬು! ಇಲ್ಲಿನ ಹಾಟ್‌ಪಾಟಿನ ರುಚಿಯ ಮೂಲವೇ ಅದು, ಒಳಗೆ ಏನು ಬೇಯಿಸಿದರೂ ವ್ಯತ್ಯಾಸವಿಲ್ಲ. ಹಣ ಕೊಟ್ಟು ಎದ್ದು ಬಂದೆವು. ಷ್ಯಾವ್‌ಮ್ಯೆನ್ ಎಂಬ ಖಾರದ ನೂಡಲ್ಸಿಗೂ ಹಂದಿಯ ಕೊಬ್ಬು ಹಾಕುವುದು ಸಾಮಾನ್ಯ. ‘ವೋ ಛಿ ಸು’, ಅಂದರೆ ನಾನು ಸಸ್ಯಾಹಾರಿ, ಎಂದರೆ ಸಾಲದು. ‘ಪ್ರಾಣಿಯ ಕೊಬ್ಬು ಬೇಡ’ ಎನ್ನುವುದನ್ನೂ ಚೀನೀ ಲಿಪಿಯಲ್ಲಿ ಬರೆಯಿಸಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ನಾನು ಬಾಯಿ ಬಿಟ್ಟು ಹೇಳಿದಾಗಲೆಲ್ಲ ಅವರು ನಕ್ಕರು, ಲಿಪಿ ತೋರಿಸಿದಾಗ ಮಾತ್ರ ತಲೆಯಾಡಿಸಿದರು.

ನಮ್ಮನ್ನು ಉಳಿಸಿದ್ದು ದೌಹುವಾ ಫಾನ್. ಗಿಣ್ಣದ ಹಾಗೆ ಮೆತ್ತಗೆ ಅಲುಗುವ ಸೋಯಾ ಗಟ್ಟಿ, ಒಂದು ಬಟ್ಟಲು ಅನ್ನ, ಪಕ್ಕದಲ್ಲಿ ಮೆಣಸಿನಕಾಯಿಯ ಚಟ್ನಿಯಂಥದ್ದು. ಕೂಲಿಯವರು, ಟ್ಯಾಕ್ಸಿಯವರು ತಿನ್ನುವ ಊಟ. ಚಟ್ನಿ ನಾಲಿಗೆಗೆ ತಾಗಿದೊಡನೆ ಜುಮ್ಮೆಂದಿತು. ಹುವಾಜ್ಯಾವ್ ಎಂದು ಅವರು ಹೇಳಿದ ಆ ಕಾಳು ನಮ್ಮ ಜುಮ್ಮನಕಾಯಿಯ, ಕೊಂಕಣಿಗರ ತೆಪ್ಪಲದ, ಹತ್ತಿರದ ನೆಂಟ. ಮೂರು ದಿನ ಒಂದೇ ಅಂಗಡಿಗೆ ಹೋದೆವು. ಮೂರನೆಯ ದಿನ ಅಂಗಡಿಯಾಕೆ ಕೇಳದೆಯೇ ಇನ್ನೊಂದು ಬಟ್ಟಲು ಅನ್ನ ತಂದಿಟ್ಟಳು.

ಲಿಜಿಬಾಗೂ ಹೋದೆವು. ಹತ್ತೊಂಬತ್ತು ಮಹಡಿಯ ವಸತಿ ಕಟ್ಟಡದ ಹೊಟ್ಟೆಯೊಳಗೆ ಮಾನೊರೈಲು ಹೊಕ್ಕು ಹೊರಬರುವ ಜಾಗ. ನಿಲ್ದಾಣ ಇರುವುದು ಆರರಿಂದ ಎಂಟನೆಯ ಮಹಡಿಯವರೆಗೆ. ರೈಲಿಗೆ ರಬ್ಬರ್ ಚಕ್ರ, ಹಳಿಯ ಕಂಬಗಳೂ ಕಟ್ಟಡದ ಕಂಬಗಳೂ ಬೇರೆ ಬೇರೆ, ಆದ್ದರಿಂದ ಮನೆಯವರಿಗೆ ನಡುಕವಿಲ್ಲ. ಕೆಳಗೆ ನೂರಾರು ಜನ ಬಾಯ್ದೆರೆದು ರೈಲನ್ನು ನುಂಗುವಂತೆ ಫೋಟೋಕ್ಕೆ ನಿಂತಿದ್ದರು. ಇವರೂ ನಿಂತರು. ಅರವತ್ತೆರಡು ವರ್ಷದ ಗಂಡನ ಬಾಯಿಗೆ ಸರಿಯಾಗಿ ರೈಲು ಹೊಂದಿಸಲು ನನಗೆ ನಾಲ್ಕು ರೈಲು ಬೇಕಾದವು.

ಕೊನೆಯ ಮಧ್ಯಾಹ್ನ ಹುವಾಂಗ್‌ಜುಯೆಪಿಂಗ್‌ನ ಹಳೆಯ ಚಹಾದಂಗಡಿಯಲ್ಲಿ ಕಳೆದೆವು. ಮುಚ್ಚಳವಿರುವ ಬಟ್ಟಲಿನಲ್ಲಿ ಎಲೆ ಹಾಕಿ ಬಿಸಿನೀರು ಹೊಯ್ಯುತ್ತಾರೆ, ನೀರು ಮುಗಿದ ಹಾಗೆ ಮತ್ತೆ ತಂದು ಹೊಯ್ಯುತ್ತಾರೆ. ಪಕ್ಕದ ಮೇಜಿನಲ್ಲಿ ನಾಲ್ವರು ಮುದುಕರು ಇಸ್ಪೀಟು ಹಾಕುತ್ತಾ ಜಗಳವಾಡುತ್ತಿದ್ದರು. ಭಾಷೆ ತಿಳಿಯದಿದ್ದರೂ ಯಾರು ಎಲೆ ಕದ್ದನೆಂದು ನಮಗೆ ಗೊತ್ತಾಯಿತು. ಇವರು ಜೇಬಿನಿಂದ ಪಟ್ಟಿ ತೆಗೆದು ನೋಡಿ, ಮತ್ತೆ ಮಡಚಿ ಇಟ್ಟರು.

ಮರುದಿನ ಬೆಳಿಗ್ಗೆ ಹತ್ತನೆಯ ಮಾರ್ಗದ ಮೆಟ್ರೋ ಹಿಡಿದು ವಿಮಾನ ನಿಲ್ದಾಣ ಸೇರಿದೆವು. ಮಂಜಿನಿಂದಾಗಿ ಬ್ಯಾಂಕಾಕ್ ವಿಮಾನ ಮೂರು ಗಂಟೆ ತಡ ಎಂದು ಫಲಕದಲ್ಲಿ ಬಂತು. ಇವರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು.

"ಅಷ್ಟರಲ್ಲಿ ಕೇಬಲ್ ಕಾರಿನಲ್ಲಿ ಹೋಗಿ ಬರಬಹುದಿತ್ತು" ಎಂದರು.