ಅರ್ಧ ಬೋಳಿಸಿದ ತಲೆ

ಅಪ್ಪ ತೀರಿಕೊಂಡಾಗ ನಾನು ಅಳಲಿಲ್ಲ. ಶಾಮಿಯಾನ, ಪುರೋಹಿತರು, ಎಷ್ಟು ಎಲೆ, ಎಷ್ಟು ಹಾಲು, ಬರೀ ಲೆಕ್ಕ. ತಲೆ ಬೋಳಿಸಿಕೊಂಡ ಮಾರನೇ ದಿನ ಸ್ಕೂಟರ್ ಹತ್ತಿದೆ. ಕೂದಲಿಲ್ಲದ ತಲೆಗೆ ಹೆಲ್ಮೆಟ್ ಲೂಸಾಗಿತ್ತು. ಸಿಗ್ನಲ್‌ನಲ್ಲಿ ಬ್ರೇಕ್ ಹಾಕಿದ್ದೇ ತಡ, ಜಾರಿ ಕಣ್ಣಿನ ಮೇಲೆ ಬಂದು ಕೂತಿತು. ಒಳಗೆ ಕತ್ತಲು. ಆಗ ಅಳು ಬಂತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.

ಇದೇ ನನ್ನ 9 ನಿಮಿಷದ ಕಿರುಚಿತ್ರ.

ಮೊದಲು ಬರೆದಾಗ ಮಗನಿಗೆ ಎರಡು ಪುಟ ಡೈಲಾಗ್ ಇತ್ತು, ಗಂಡಸರ ಅಳುವಿನ ಬಗ್ಗೆ. ಅಷ್ಟು ಚೆನ್ನಾಗಿ ಮಾತಾಡೋಕೆ ಬರುವವನಿಗೆ ಕಷ್ಟ ಏನಿದೆ? ಹರಿದು ಹಾಕಿದೆ. ಬದಲಿಗೆ ಅವನ ಕೈಗೆ ಕೆಲಸ ಕೊಟ್ಟೆ: ಬಾಳೆ ಎಲೆ ಎಣಿಸೋದು. ನಲವತ್ತಕ್ಕೆ ಬರುವಷ್ಟರಲ್ಲಿ ಯಾರೋ ಬಂದು ಅಪ್ಪನ ಬಗ್ಗೆ ಒಂದು ಒಳ್ಳೆ ಮಾತು ಆಡುತ್ತಾರೆ. ಲೆಕ್ಕ ತಪ್ಪುತ್ತದೆ. ಮತ್ತೆ ಒಂದರಿಂದ. ಎರಡನೇ ಸಲ ಜನ ನಗುತ್ತಾರೆ, ಮೂರನೇ ಸಲ ನಗಲ್ಲ.

ಮಗನಾಗಿ ನಟಿಸಿದವರು ಒಬ್ಬ ಬ್ಯಾಂಕ್ ನೌಕರರು, ಹವ್ಯಾಸಿ ನಾಟಕದವರು. ಅಳೋದು ಅಂದರೆ ಕೊನೇ ಸಾಲಿನವರೆಗೂ ಕೇಳಬೇಕು ಅನ್ನೋ ಅಭ್ಯಾಸ. ‘ಸರ್, ಅಳು ಬಂದ್ರೂ ತಡೀರಿ. ಎಲೆ ಎಣಿಸ್ತಾ ಇರಿ’ ಅಂದೆ. ಅಷ್ಟೇ ಸಾಕಾಯ್ತು.

ತಲೆ ಬೋಳಿಸುವ ದೃಶ್ಯಕ್ಕೆ ಎರಡನೇ ಟೇಕ್ ಇಲ್ಲ. ಹಾಗಾಗಿ ಕೂದಲಿರುವ ದೃಶ್ಯಗಳನ್ನೆಲ್ಲ ಮೊದಲೇ ಮುಗಿಸಿದ್ದೆವು. ಟ್ಯೂಬ್‌ಲೈಟ್ ಮಿಣಮಿಣ ಅನ್ನದಂತೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟಿದ್ದೆ, ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ. ಎಲ್ಲ ಸರಿಯಾಗಿತ್ತು. ಎಡಗಡೆ ಪೂರ್ತಿ ಬೋಳಾದಾಗ ಶೂಟ್ ಮಾಡುತ್ತಿದ್ದ ಫೋನ್‌ನಲ್ಲಿ ಜಾಗವೇ ಇಲ್ಲ!

ನಾನು ಅಕ್ಕನ ಮಗನ ನಾಮಕರಣದ ವಿಡಿಯೊ ಡಿಲೀಟ್ ಮಾಡುತ್ತಾ ಕೂತೆ. ಅವರು ಅರ್ಧ ತಲೆಗೆ ಟವೆಲ್ ಸುತ್ತಿಕೊಂಡು ಟೀ ಕುಡಿಯುತ್ತಿದ್ದರು. ಬಾಗಿಲಲ್ಲಿ ಯಾರೋ ಇಣುಕಿದರು. ಇವರು ಟವೆಲ್ ಸರಿಮಾಡಿಕೊಂಡು, ಮೀಸೆ ತೀಡಿಕೊಂಡು, ಗಂಭೀರವಾಗಿ ಕೂತರು. ಅಷ್ಟರಲ್ಲಿ ಫೋನ್‌ನಲ್ಲಿ ರೆಕಾರ್ಡಿಂಗ್ ಆನ್ ಆಗಿತ್ತು. ಆಮೇಲೆ ಕೇಳಿದೆ, ‘ಇದನ್ನ ಇಟ್ಕೊಳ್ಲಾ ಸರ್?’ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಸಿನಿಮಾದಲ್ಲಿ ನನಗೆ ತುಂಬಾ ಇಷ್ಟವಾದ ಶಾಟ್ ಅದೇ. ಬರೆದು ತೆಗೆದಿದ್ದಲ್ಲ ಅನ್ನೋ ಬೇಜಾರೂ ಇದೆ.

ಸಿಗ್ನಲ್ ದೃಶ್ಯಕ್ಕೆ ಕಾಲರ್ ಮೈಕನ್ನು ಹೆಲ್ಮೆಟ್ ಒಳಗಿನ ಸ್ಪಂಜಿಗೆ ಅಂಟಿಸಿದೆ. ಕ್ಯಾಮೆರಾ ರಸ್ತೆಯ ಆಚೆ ಬದಿ. ಕಾಣೋದು ತಲೆಗಿಂತ ದೊಡ್ಡ ಹೆಲ್ಮೆಟ್ಟಿನ ಒಂದು ಚಿಕ್ಕ ಆಕೃತಿ, ಕೇಳೋದು ಕಿವಿಯ ಪಕ್ಕದಲ್ಲೇ ಉಸಿರು. ಮೊದಲ ಎಡಿಟ್‌ನಲ್ಲಿ ಕ್ಲೋಸಪ್ಪೂ ಪಿಟೀಲೂ ಹಾಕಿದ್ದೆ. ಹೆಂಡತಿ ನೋಡುತ್ತಾ ನೋಡುತ್ತಾ ಫೋನ್ ತೆಗೆದಳು. ಎರಡನ್ನೂ ಕಿತ್ತು ಹಾಕಿದೆ.

ಗೆಳೆಯನ ಮನೆ ತಾರಸಿಯಲ್ಲಿ ತೋರಿಸಿದಾಗ ಮೂವತ್ತು ಜನ ಇದ್ದರು. ಮುಗಿದ ಮೇಲೆ ವಯಸ್ಸಾದ ಒಬ್ಬರು ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. ಬಿಡಲಿಲ್ಲ. ಗಂಟಲು ಸರಿಮಾಡಿಕೊಂಡು ಕೇಳಿದರು:

‘ಆ ಹೆಲ್ಮೆಟ್ ಯಾವ ಕಂಪನೀದು?’