ಕಾಫಿ ಹೂವಿನ ಬಿಳಿ, ಹಿಮದ ಬಿಳಿ

ನಾನು ಮದುವೆ ವಿಡಿಯೊ ಮಾಡುವವನು. ಚಿಕ್ಕಮಗಳೂರಿನಲ್ಲಿ ಹನ್ನೆರಡು ವರ್ಷದಿಂದ ಇದೇ ಕೆಲಸ. ಈ ವರ್ಷ ಫಿನ್‌ಲ್ಯಾಂಡಿನ ಒಬ್ಬ ವಿಡಿಯೊ ಕಲಾವಿದೆಯ ಜೊತೆ ಸೇರಿ, ಖಾಲಿಯಾಗಿದ್ದ ಒಂದು ಕಾಫಿ ಗೋಡೌನಿನಲ್ಲಿ ಆರು ದಿನ ಪ್ರದರ್ಶನ ಮಾಡಿದೆ. ಅದು ಹೇಗಾಯಿತು ಅಂತ ಬರೆದಿಡುತ್ತಿದ್ದೇನೆ. ನಮ್ಮ ಕಡೆ ಇಂಥದ್ದಕ್ಕೆ ಕೈ ಹಾಕುವವರಿಗೆ ಉಪಯೋಗಕ್ಕೆ ಬರಬಹುದು.

ಅವಳು ಮೊದಲ ಸಲ ಬಂದಿದ್ದು ತೋಟ ನೋಡಲು. ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರ ಸಾಲಿನಲ್ಲಿ ಫಿನ್‌ಲ್ಯಾಂಡಿನವರಿದ್ದಾರೆ. ಆದರೆ ದಿನಾ ಕುಡಿಯುವ ಕಾಫಿಯ ಹೂವನ್ನು ಅವಳು ಕಂಡಿರಲಿಲ್ಲ. ಅವಳು ಬರುವಷ್ಟರಲ್ಲಿ ಹೂವಿನ ಕಾಲ ಮುಗಿದಿತ್ತು. ಫೋನಿನಲ್ಲಿದ್ದ ಹಳೆಯ ವಿಡಿಯೊ ತೋರಿಸಿದೆ. ತುಂಬಾ ಹೊತ್ತು ನೋಡಿ, "ಇದು ನಮ್ಮೂರಿನ ಮಾರ್ಚ್" ಅಂದಳು. ಅಲ್ಲಿ ಮಾರ್ಚ್‌ನಲ್ಲಿ ಇನ್ನೂ ಹಿಮ ಇರುತ್ತದೆ. ಮುಂದಿನ ಮಾರ್ಚ್‌ನಲ್ಲಿ ಒಂದೇ ವಾರ ನಾನು ಇಲ್ಲಿ ಹೂ, ಅವಳು ಅಲ್ಲಿ ಹಿಮ ಶೂಟ್ ಮಾಡುವುದು ಅಂತ ಆವತ್ತೇ ಮಾತಾಯಿತು.

ಯಾವ ತಾರೀಖು ಅಂತ ಕೇಳಿದಳು. ಹೇಳಲು ಆಗುವುದಿಲ್ಲವಲ್ಲ! ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಅರಳುತ್ತದೆ, ಎರಡು ಮೂರು ದಿನಕ್ಕೆ ಬಾಡುತ್ತದೆ. "ಮಳೆ ಬಿದ್ದ ದಿನ ಫೋನ್ ಮಾಡ್ತೀನಿ" ಅಂದೆ. ಆ ಕಡೆಯಿಂದ ಸದ್ದೇ ಇಲ್ಲ. ಲೈನ್ ಕಟ್ಟಾಯಿತು ಅಂದುಕೊಂಡು "ಹಲೋ, ಹಲೋ" ಅಂದೆ. ಅವಳು ಯೋಚಿಸುತ್ತಿದ್ದಳು, ಅಷ್ಟೇ. ಉತ್ತರ ಕೊಡುವ ಮೊದಲು ಸುಮ್ಮನಿರುವುದು ಅವಳ ರೀತಿ. ನಮ್ಮಲ್ಲಿ ಅರ್ಧ ನಿಮಿಷ ಸುಮ್ಮನಿದ್ದರೆ ಕೋಪ ಬಂದಿದೆ ಅಂತ ಅರ್ಥ. ಆ ಮೌನ ನನಗೆ ಅಭ್ಯಾಸವಾಗಲು ಎರಡು ತಿಂಗಳು ಬೇಕಾಯಿತು.

ಆಲ್ದೂರು ಕಡೆಯ ಒಂದು ರೋಬಸ್ಟಾ ತೋಟದಲ್ಲಿ ಶೂಟ್ ಮಾಡಿದೆ. ತೋಟದೊಳಗಿನ ಬೆಳಕು ನಾವು ಅಂದುಕೊಂಡಷ್ಟು ಬಿಳಿ ಅಲ್ಲ. ಸಿಲ್ವರ್ ಓಕ್ ಎಲೆಗಳ ನಡುವೆ ಇಳಿದು ಬರುವಷ್ಟರಲ್ಲಿ ಹಸಿರಾಗಿರುತ್ತದೆ. ಯಾವುದನ್ನು ಬಿಳಿ ಅಂತ ತೋರಿಸಬೇಕು ಅಂತ ಕ್ಯಾಮೆರಾಗೆ ಹೇಳುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಟ್ಟರೆ, ಗಾಳಿಗೆ ಕೊಂಬೆ ಅಲುಗಿದಾಗೆಲ್ಲ ಹೂವಿನ ಬಣ್ಣ ಬದಲಾಗುತ್ತದೆ. ಮೊದಲ ದಿನದ್ದಷ್ಟೂ ಹಾಗೆ ಹಾಳಾಯಿತು. ಎರಡನೇ ದಿನ 5600 ಕೆಲ್ವಿನ್‌ಗೆ ಲಾಕ್ ಮಾಡಿದೆ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ; ಬೆಳಕಿನ ಕೆಲ್ವಿನ್ ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ನೀಲಿ. ಇನ್ನೊಂದು ವಿಷಯ: ಅವಳದ್ದು ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ನಾನು ಅಭ್ಯಾಸಬಲದಿಂದ 30 ಇಟ್ಟಿದ್ದೆ. ಹೊಂದಿಸಿದಾಗ ಹೂವಿನ ಅಲುಗಾಟ ತಡವರಿಸಿತು. ಇಬ್ಬರು ಸೇರಿ ಕೆಲಸ ಮಾಡುವಾಗ ಇದನ್ನು ಮೊದಲ ದಿನವೇ ಮಾತಾಡಿಕೊಳ್ಳಿ.

ಜಗಳ ಶುರುವಾಗಿದ್ದು ಎರಡನ್ನೂ ಪಕ್ಕಪಕ್ಕ ಇಟ್ಟಾಗ. ನನ್ನ ಹೂ ಹಳದಿ ಹೊಡೆಯುತ್ತಿದೆ ಅಂತ ಅವಳು. ನಿನ್ನ ಹಿಮ ನೀಲಿ ಹೊಡೆಯುತ್ತಿದೆ ಅಂತ ನಾನು. ಹಿಮದ ನೆರಳಿಗೆ ನೀಲಿ ಬರುವುದು ಆಕಾಶದ ಬೆಳಕಿನಿಂದ, ಅದನ್ನು ತೆಗೆದರೆ ಅದು ಹಿಮವೇ ಅಲ್ಲ ಅನ್ನುತ್ತಿದ್ದಳು. ಹೂವಿನ ಕೆನೆ ಬಣ್ಣ ತೆಗೆದರೆ ಪ್ಲಾಸ್ಟಿಕ್ ಹೂ ಆಗುತ್ತದೆ ಅಂತ ನನ್ನ ವಾದ. ಒಂದು ಸಂಜೆ ಅಮ್ಮ ಹಿಂದೆ ನಿಂತು ನೋಡಿದರು. ಹಿಮ ನೋಡಿ, "ಎಷ್ಟು ಬೆಳ್ಳಗಿದೆ ಮಗಾ, ನೀಲಿ ಹಾಕಿ ಒಗೆದ ಪಂಚೆ ಥರ" ಅಂದರು. ನಾನು ಬಾಯಿ ಮುಚ್ಚಿದೆ. ನಮ್ಮ ಮನೆಯ ಬಿಳಿಗೂ ನೀಲಿ ಬೇಕು, ಅಲ್ವಾ?

2015ರಲ್ಲಿ ಒಂದು ಉಡುಪಿನ ಫೋಟೊ ಎಲ್ಲರ ಫೋನಿನಲ್ಲೂ ಓಡಾಡಿತ್ತು. ಕೆಲವರಿಗೆ ನೀಲಿ ಕಪ್ಪು, ಕೆಲವರಿಗೆ ಬಿಳಿ ಚಿನ್ನದ ಬಣ್ಣ. ಬೆಳಕು ಯಾವ ಬಗೆಯದು ಅಂತ ಮಿದುಳು ಮೊದಲೇ ಲೆಕ್ಕ ಹಾಕಿಬಿಡುತ್ತದೆ, ಬಣ್ಣ ಆಮೇಲೆ. ಅದು ಗೊತ್ತಿದ್ದೂ ನಾವಿಬ್ಬರೂ ತಿಂಗಳುಗಟ್ಟಲೆ ನನ್ನ ಬಿಳಿ, ನಿನ್ನ ಬಿಳಿ ಅಂತ ಎಳೆದಾಡಿದೆವು.

ಎರಡನೇ ಜಗಳ ಶಾಟಿನ ಉದ್ದದ್ದು. ನನಗೆ ಮೂರು ಸೆಕೆಂಡಿಗೊಂದು ಕಟ್ ಬೇಕು. ಅವಳ ಮೊದಲ ಶಾಟ್ ನಾಲ್ಕು ನಿಮಿಷ. ಹಿಮ, ಬರ್ಚ್ ಮರ, ಬೇರೇನೂ ಇಲ್ಲ. ಆಗ ಅವಳು ತನ್ನ ದೇಶದ ಏಯ್ಯಾ-ಲೀಸಾ ಆಹ್ತಿಲಾ ಅವರ ಕೆಲಸದ ಬಗ್ಗೆ ಹೇಳಿದಳು. 2011ರಲ್ಲಿ ಅವರು ಒಂದು ಎತ್ತರದ ಸ್ಪ್ರೂಸ್ ಮರವನ್ನು ಭಾಗ ಭಾಗವಾಗಿ ಚಿತ್ರೀಕರಿಸಿ, ಆರು ಪರದೆಯ ಮೇಲೆ ಅಡ್ಡಡ್ಡ ಮಲಗಿಸಿ ತೋರಿಸಿದರು. ಪರದೆಗೆ ತಕ್ಕಂತೆ ಮರವನ್ನು ಕತ್ತರಿಸಲಿಲ್ಲ, ಮರಕ್ಕೆ ತಕ್ಕಂತೆ ಪರದೆಯನ್ನು ಜೋಡಿಸಿದರು. ಇದು ನನ್ನ ಮನಸ್ಸಿಗೆ ನಾಟಿತು. ನಾಲ್ಕು ನಿಮಿಷಕ್ಕೆ ಒಪ್ಪಿದೆ.

ಮೇ ಮೊದಲ ವಾರ ಗೋಡೌನು ಸಿಕ್ಕಿತು. ತಗಡಿನ ಸೂರಿನ ತೂತುಗಳನ್ನು ಕಪ್ಪು ಟಾರ್ಪಾಲಿನಿಂದ ಮುಚ್ಚಿದೆವು. ಸದ್ದು ಮಾರ್ದನಿಸದಂತೆ ಗೋಡೆಗೆ ಗೋಣಿಚೀಲ ಕಟ್ಟಿದೆವು. ಪರದೆಗೆ ಕೋರಾ ಬಟ್ಟೆ ತಂದಿದ್ದೆ, ಅದರ ಮೇಲೆ ಹಿಮವೂ ಕೆನೆಯಾಯಿತು. ಬಿಚ್ಚಿ ಒಗೆದ ಬಿಳಿ ಬಟ್ಟೆ ಕಟ್ಟಿದೆವು.

ಪ್ರದರ್ಶನದ ಹಿಂದಿನ ರಾತ್ರಿ ದೊಡ್ಡ ತೊಂದರೆ. ಬಾಡಿಗೆಗೆ ತಂದ ಎರಡು ಪ್ರೊಜೆಕ್ಟರ್ ಒಂದೇ ಮಾಡೆಲ್. ಆದರೆ ಒಂದರ ಲ್ಯಾಂಪ್ ಹಳೆಯದು. ಬರೀ ಬಿಳಿ ಫ್ರೇಮ್ ಹಾಕಿದರೆ ಒಂದು ಗುಲಾಬಿ, ಇನ್ನೊಂದು ಹಸಿರು. ತಿಂಗಳುಗಟ್ಟಲೆ ಮಾಡಿದ ಬಣ್ಣದ ಕೆಲಸ ನೀರಿಗೆ ಬಿತ್ತು ಅನ್ನಿಸಿತು. ಮಂಕಾಗಿದ್ದನ್ನು ಏರಿಸಲು ಆಗುವುದಿಲ್ಲ. ಹಾಗಾಗಿ ಚೆನ್ನಾಗಿದ್ದದ್ದರ ಮೆನುವಿನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದೇ ಇಳಿಸುತ್ತಾ ಬಂದೆವು. ರಾತ್ರಿ ಎರಡಾಯಿತು.

ಆಗ ನಡೆದದ್ದನ್ನು ನಾನು ಮರೆಯುವುದಿಲ್ಲ. ಅವಳು ಕಚೇರಿ ಕೋಣೆಯ ಹಳದಿ ಬಲ್ಬಿನಡಿ ಕೂತು ಬರೆಯುತ್ತಿದ್ದಳು. ನಾನು ಹೊರಗೆ ಟ್ಯೂಬ್‌ಲೈಟ್ ಕೆಳಗೆ ಕೇಬಲ್ ಸುತ್ತುತ್ತಿದ್ದೆ. ಇಬ್ಬರೂ ಒಟ್ಟಿಗೆ ಒಳಗೆ ಬಂದು ಪರದೆ ನೋಡಿದೆವು. "ನೀಲಿ ಜಾಸ್ತಿ" ಅಂದಳು. "ಇಲ್ಲ, ಹಳದಿ" ಅಂದೆ. ಇಬ್ಬರೂ ಮುಖ ನೋಡಿಕೊಂಡೆವು. ಇಷ್ಟು ದಿನ ಹಳದಿ ಅನ್ನುತ್ತಿದ್ದವಳು ಅವಳು, ನೀಲಿ ಅನ್ನುತ್ತಿದ್ದವನು ನಾನು! ಹಳದಿ ಬೆಳಕಿಗೆ ಒಗ್ಗಿದ ಕಣ್ಣಿಗೆ ಬಿಳಿ ನೀಲಿಯಾಗಿ ಕಾಣುತ್ತದೆ, ಟ್ಯೂಬ್‌ಲೈಟಿಗೆ ಒಗ್ಗಿದ ಕಣ್ಣಿಗೆ ಹಳದಿಯಾಗಿ. ಸ್ವಲ್ಪ ಹೊತ್ತು ಕತ್ತಲಲ್ಲಿ ಹಾಗೇ ನಿಂತೆವು. ನಿಧಾನವಾಗಿ ಇಬ್ಬರಿಗೂ ಒಂದೇ ಬಿಳಿ ಕಂಡಿತು.

ಬೆಳಗಾಗುವುದರೊಳಗೆ ಪ್ರದರ್ಶನದ ರೂಪವೇ ಬದಲಾಯಿತು. ಗೋಡೌನಿಗೆ ಎರಡು ಬಾಗಿಲು. ಎರಡಕ್ಕೂ ಬಿಳಿ ಬಟ್ಟೆಯ ಸಣ್ಣ ಓಣಿ ಕಟ್ಟಿದೆವು. ಒಂದರಲ್ಲಿ 2700 ಕೆಲ್ವಿನ್ನಿನ ಹಳದಿ ಬಲ್ಬ್, ಇನ್ನೊಂದರಲ್ಲಿ 6500ರ ಟ್ಯೂಬ್. ಕಣ್ಣು ಒಗ್ಗಲು ಒಂದೆರಡು ನಿಮಿಷ ಬೇಕು. ಸುಮ್ನೆ ನಿಲ್ಲಿ ಅಂದರೆ ಯಾರು ನಿಲ್ಲುತ್ತಾರೆ? ಅದಕ್ಕೆ ಬೆಂಚು ಹಾಕಿ, ಲೋಟದಲ್ಲಿ ಕಾಫಿ ಕೊಟ್ಟೆವು. ಬಿಸಿ ಕಾಫಿ ಮುಗಿಸಲು ಅಷ್ಟು ಹೊತ್ತು ಬೇಕೇ ಬೇಕು.

ಗಂಡ ಒಂದು ಬಾಗಿಲು, ಹೆಂಡತಿ ಇನ್ನೊಂದು. ಒಳಗೆ ಸೇರಿದ ಕೂಡಲೇ ಮಾತು. "ನೀಲಿ ಕಣೇ." "ಎಲ್ಲಿ ನೀಲಿ, ಹಳದಿ ಕಣ್ರೀ." ಅವಳ ನಾಲ್ಕು ನಿಮಿಷದ ಶಾಟ್ ಯಾಕೆ ಬೇಕಿತ್ತು ಅಂತ ನನಗೆ ಆಗ ಗೊತ್ತಾಯಿತು. ಶಾಟ್ ಮುಗಿಯುವಷ್ಟರಲ್ಲಿ ಇಬ್ಬರ ಕಣ್ಣೂ ಪರದೆಗೆ ಒಗ್ಗಿ, ಮಾತು ತಾನಾಗಿ ನಿಲ್ಲುತ್ತಿತ್ತು.

ನಾಲ್ಕನೇ ದಿನ ನಾನು ಶೂಟ್ ಮಾಡಿದ ತೋಟದ ಕೆಲಸದವರು ಬಂದರು. ಅವರಲ್ಲೊಬ್ಬ ಹಿರಿಯ ಅಮ್ಮ ಬಲ್ಬಿನ ಬಾಗಿಲಿಂದ ಬಂದು ಪೂರ್ತಿ ನೋಡಿದರು. ಹೊರಗೆ ಹೋಗಿ, ಸುತ್ತು ಹಾಕಿ, ಟ್ಯೂಬಿನ ಓಣಿಯಲ್ಲಿ ಇನ್ನೊಂದು ಲೋಟ ಕಾಫಿ ಕುಡಿದು ಮತ್ತೆ ಬಂದರು. ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದರು: "ಅಣ್ಣಾ, ಆ ಬಾಗ್ಲಲ್ಲಿ ಬಂದಾಗ ಬೆಳಿಗ್ಗೆ ಆರು ಗಂಟೆ ಹೂ. ಈ ಬಾಗ್ಲಲ್ಲಿ ಬಂದ್ರೆ ಹತ್ತು ಗಂಟೆ ಹೂ. ಬಿಸ್ಲು ಬಿದ್ದಿದೆ ನೋಡಿ."

ಗೆಳತಿಗೆ ಅದನ್ನು ಹೇಳಿದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ನಾನೂ ಕಾದೆ. ಆಮೇಲೆ ನೋಟ್‌ಬುಕ್ ತೆಗೆದು ಕೊಟ್ಟು, ಆರು ಗಂಟೆ ಹೂ, ಹತ್ತು ಗಂಟೆ ಹೂ ಅನ್ನುವುದನ್ನು ಕನ್ನಡದಲ್ಲೇ ಬರೆಸಿಕೊಂಡಳು.