ಆರ್ಕಿಡ್ ಎಲೆ ಹಳದಿಯಾದರೆ ಮೊದಲು ಬೇರು ನೋಡಿ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ಮೇಲಿನ ಗುಡ್ಡೆಯಲ್ಲಿ. ಹೋದ ವರ್ಷ ಮೇ ತಿಂಗಳಲ್ಲಿ ಮಗಳು ಮಂಗಳೂರಿನಿಂದ ಬರುವಾಗ ಒಂದು ಫೆಲನಾಪ್ಸಿಸ್ ಆರ್ಕಿಡ್ ತಂದಳು. ಬಿಳಿ ಹೂ, ಆರು ದಪ್ಪ ಎಲೆ. ಜೂನ್ ಕೊನೆಗೆ ಕೆಳಗಿನ ಎಲೆ ಹಳದಿಯಾಯಿತು. ಜುಲೈ ಎರಡನೇ ವಾರಕ್ಕೆ ಮೂರು ಎಲೆ ಹಳದಿ. ಉಳಿದ ಎಲೆಗಳೂ ಸುಕ್ಕುಗಟ್ಟಿ ಜೋತು ಬಿದ್ದಿದ್ದವು. ನೋಡಿದವರೆಲ್ಲ ನೀರು ಸಾಲದು ಎಂದರು. ನನಗೂ ಹಾಗೇ ಕಂಡಿತು. ಇನ್ನೂ ಜಾಸ್ತಿ ನೀರು ಹಾಕಿದೆ.

ಅದೇ ತಪ್ಪು. ಬೇರು ಕೊಳೆತರೆ ಗಿಡ ನೀರು ಕುಡಿಯಲಾರದು. ಆಗ ಎಲೆ ಬಾಯಾರಿದ ಹಾಗೇ ಕಾಣುತ್ತದೆ. ನೀರಿನಲ್ಲಿ ನಿಂತೇ ಒಣಗುತ್ತಿರುವ ಗಿಡ ಅದು. ಹಾಗಾಗಿ ಎಲೆ ಹಳದಿಯಾದ ಕೂಡಲೇ ನೀರಿನ ಚೊಂಬಿಗೋ ಗೊಬ್ಬರದ ಪೊಟ್ಟಣಕ್ಕೋ ಕೈ ಹಾಕಬೇಡಿ.

ಮೊದಲು ಯಾವ ಎಲೆ ಎಂದು ನೋಡಿ. ಎಲ್ಲಕ್ಕಿಂತ ಕೆಳಗಿನ ಒಂದೇ ಎಲೆ ವಾರಗಟ್ಟಲೆ ತೆಗೆದುಕೊಂಡು ನಿಧಾನಕ್ಕೆ ಹಳದಿಯಾಗುತ್ತಿದೆಯಾ? ಅದು ಮುದಿ ಎಲೆ, ಅಷ್ಟೇ. ಕೀಳಲು ಹೋಗಬೇಡಿ. ಅದರೊಳಗಿನ ಸತ್ವವನ್ನು ಗಿಡ ವಾಪಸ್ ಎಳೆದುಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಮುಟ್ಟಿದರೆ ಸಾಕು, ಕೈಗೆ ಬರುತ್ತದೆ. ಎರಡು ಮೂರು ಎಲೆ ಒಟ್ಟಿಗೆ ಹಳದಿಯಾದರೆ ಬೇರಿನ ಮೇಲೆ ಅನುಮಾನ ಪಡಿ. ಎಲೆಯ ಮೇಲೆ ನೀರು ತುಂಬಿದಂಥ ಮೆತ್ತಗಿನ ಕಲೆ, ಸುತ್ತ ಹಳದಿ ಅಂಚು, ನಿನ್ನೆಗಿಂತ ಇವತ್ತು ದೊಡ್ಡದು ಎಂದಾದರೆ ಅದು ಬ್ಯಾಕ್ಟೀರಿಯಾ. ಕಲೆಯಿಂದ ಒಂದು ಇಂಚು ಹಸಿರು ಸೇರಿಸಿ ಅವತ್ತೇ ಕತ್ತರಿಸಿ, ಗಿಡವನ್ನು ಬೇರೆ ಗಿಡಗಳಿಂದ ದೂರ ಇಡಿ. ನಡುವಿನ ಸುಳಿಯೇ ಹಳದಿಯಾಗಿ, ಎಳೆದರೆ ಕಳಚಿ ಬಂದರೆ ಸುಳಿ ಕೊಳೆತಿದೆ ಎಂದು ಅರ್ಥ. ಅಂಥ ಗಿಡ ಉಳಿಯುವುದು ಕಷ್ಟ.

ಬಿಸಿಲಿಗೂ ಎಲೆ ಹಳದಿಯಾಗುತ್ತದೆ. ಬೆಳಕು ಬೀಳುವ ಕಡೆ ಮಾತ್ರ ಬಣ್ಣ ಹೋಗಿ, ಮತ್ತೆ ಬಿಳಿಚಿ, ಕೊನೆಗೆ ಕಾಗದದ ಹಾಗೆ ಒಣಗುತ್ತದೆ. ಹಂಚಿನ ಮನೆಯವರು ಒಮ್ಮೆ ಮಾಡಿನ ಕಡೆ ನೋಡಿ. ನಮ್ಮ ಚಾವಡಿಯಲ್ಲಿ ಎರಡು ಗಾಜಿನ ಹಂಚು ಇವೆ. ಅದರಿಂದ ಬೀಳುವ ಮಧ್ಯಾಹ್ನದ ಬಿಸಿಲು ಒಂದು ತಟ್ಟೆಯಷ್ಟೇ ಅಗಲ. ಆದರೆ ಅದರ ಕೆಳಗೆ ಕೈ ಹಿಡಿದರೆ ಚುರ್ರೆನ್ನುತ್ತದೆ.

ನನ್ನ ಗಿಡದ್ದು ಬೇರಿನ ಕತೆ. ಜುಲೈಯಲ್ಲಿ, ಜಡಿಮಳೆಯ ಒಂದು ದಿನ, ಜಗಲಿಯಲ್ಲಿ ಪೇಪರ್ ಹಾಸಿ ಕುಳಿತು ಬಿಚ್ಚಿದೆ. ಹೊರಗೆ ಚಂದದ ಪಿಂಗಾಣಿ ಚಟ್ಟಿ, ಅಡಿಯಲ್ಲಿ ಒಂದು ತೂತೂ ಇಲ್ಲ. ಒಳಗೆ ತೆಳು ಪ್ಲಾಸ್ಟಿಕ್ ಚಟ್ಟಿ. ಅದರ ತುಂಬ ಸ್ಫ್ಯಾಗ್ನಮ್ ಪಾಚಿಯನ್ನು ಗಟ್ಟಿಯಾಗಿ ತುರುಕಿದ್ದರು. ಪಾಚಿ ಹಿಂಡಿದರೆ ಅರ್ಧ ಲೋಟ ನೀರು ಬಂತು. ಅಷ್ಟೊತ್ತಿಗೆ ನಾನು ನೀರು ನಿಲ್ಲಿಸಿ ಒಂದು ವಾರವಾಗಿತ್ತು! ಒಳಗೆ ಹಳೇ ಬಾವಿಯ ಕೆಸರಿನ ವಾಸನೆ.

ಬೇರುಗಳನ್ನು ನೀರಿನಲ್ಲಿ ತೊಳೆದು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡಿ. ಒಳ್ಳೆಯ ಬೇರು ಗಟ್ಟಿ. ಒಣಗಿದಾಗ ಬೆಳ್ಳಿಯ ಹಾಗೆ ಬೆಳ್ಳಗೆ, ಒದ್ದೆಯಾದಾಗ ಹಸಿರು. ಕೊಳೆತ ಬೇರು ಕಂದು ಬಣ್ಣ. ಒತ್ತಿದರೆ ಪಿಚಕ್ಕೆಂದು ನೀರು ಬಿಡುತ್ತದೆ. ಎಳೆದರೆ ಹೊರಗಿನ ತೊಗಟೆ ಕಾಲುಚೀಲದ ಹಾಗೆ ಕಳಚಿ ಕೈಗೆ ಬಂದು, ಒಳಗಿನ ನೂಲು ಮಾತ್ರ ಗಿಡದಲ್ಲಿ ಉಳಿಯುತ್ತದೆ. ನನ್ನ ಗಿಡಕ್ಕೆ ಹದಿನಾಲ್ಕು ಬೇರು ಇದ್ದವು. ಉಳಿದದ್ದು ನಾಲ್ಕು.

ಕೊಳೆತದ್ದನ್ನು ಕತ್ತರಿಸುವಾಗ ದಾಕ್ಷಿಣ್ಯ ಬೇಡ. ಕತ್ತರಿಯನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿ ಆರಿಸಿಕೊಳ್ಳಿ, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಮತ್ತೆ ಕಾಯಿಸಿ. ಆರ್ಕಿಡ್‌ಗೆ ಬರುವ ವೈರಸ್ ಕತ್ತರಿಯಲ್ಲೇ ಹರಡುತ್ತದೆ, ಅದಕ್ಕೆ ಮದ್ದಿಲ್ಲ. ಕತ್ತರಿಸಿದ ಬಾಯಿಗೆ ಮಾತ್ರ ಸ್ವಲ್ಪ ದಾಲ್ಚಿನ್ನಿ ಪುಡಿ ಮುಟ್ಟಿಸಿ. ಅದು ಬೂಷ್ಟು ತಡೆಯುತ್ತದೆ. ಒಳ್ಳೆಯ ಬೇರಿಗೆ ಬಿದ್ದರೆ ಅದನ್ನೂ ಒಣಗಿಸಿಬಿಡುತ್ತದೆ. ಆಮೇಲೆ ಒಂದು ರಾತ್ರಿ ಗಿಡವನ್ನು ಪೇಪರ್ ಮೇಲೆ ಹಾಗೇ ಮಲಗಿಸಿ. ಮಳೆಗಾಲವಾದರೆ ದೂರದಲ್ಲಿ ಫ್ಯಾನ್ ಇರಲಿ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಅಂಗಳದ ಹಲಸಿನ ಮರದಲ್ಲಿ ಸೀತಾಳೆ ದಂಡೆ ಇದೆ. ಅದೂ ಆರ್ಕಿಡ್ಡೇ. ಮಳೆ ಹಿಡಿಯುವ ಹೊತ್ತಿಗೆ ನಸುಗೆಂಪು ಜಡೆಯ ಹಾಗೆ ಹೂ ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆಯನ್ನೆಲ್ಲ ಅದು ತಲೆ ಮೇಲೆ ಹೊಯ್ಸಿಕೊಳ್ಳುತ್ತದೆ. ಆದರೂ ಅದರ ಬೇರು ಕೊಳೆಯುವುದಿಲ್ಲ. ಯಾಕೆ? ಬೇರು ತೊಗಟೆಯ ಮೇಲೆ ಬತ್ತಲೆ ಇದೆ. ಮಳೆ ಒಂದು ಗಂಟೆ ನಿಂತು ಗಾಳಿ ಬೀಸಿದರೆ ಸಾಕು, ಒಣಗುತ್ತದೆ. ಇದನ್ನು ಬಂದಣಿಕೆ ಎಂದು ಕಿತ್ತು ಹಾಕುವವರಿದ್ದಾರೆ, ದಯವಿಟ್ಟು ಕೀಳಬೇಡಿ. ಬಂದಣಿಕೆ ಮರದ ರಸ ಹೀರುತ್ತದೆ. ಆರ್ಕಿಡ್ ಮರದಿಂದ ಏನೂ ತೆಗೆದುಕೊಳ್ಳುವುದಿಲ್ಲ, ಕೂರಲು ಜಾಗ ಮಾತ್ರ. ನಮ್ಮ ಊರಲ್ಲಿ ಆರ್ಕಿಡ್ ಸಾಕುವವರು ನೀರು ಕೊಡುವುದರ ಬಗ್ಗೆ ಅಷ್ಟು ಯೋಚಿಸಬೇಕಿಲ್ಲ. ಒಣಗಲು ಬಿಡುವುದು ಹೇಗೆ ಎಂದು ಯೋಚಿಸಬೇಕು.

ಹಾಗಾಗಿ ಚಟ್ಟಿಗೆ ಮಣ್ಣು ಬೇಡವೇ ಬೇಡ. ಬದಿಯಲ್ಲೂ ತೂತು ಇರುವ ನಾಲ್ಕಿಂಚಿನ ಮಣ್ಣಿನ ಚಟ್ಟಿ ತನ್ನಿ. ಬೇರು ಕಡಿಮೆ ಇದ್ದರೆ ಚಟ್ಟಿಯೂ ಸಣ್ಣದಿರಬೇಕು. ಅಡಿಗೆ ಒಡೆದ ಹಂಚಿನ ತುಂಡು, ಮೇಲೆ ಇದ್ದಿಲು. ಬಚ್ಚಲ ಒಲೆಯ ಇದ್ದಿಲು ಆಗುತ್ತದೆ, ಆದರೆ ಬೂದಿ ಪೂರ್ತಿ ಹೋಗುವ ತನಕ ತೊಳೆಯಿರಿ. ಅಡಿಕೆಗಿಂತ ದೊಡ್ಡ ತುಂಡುಗಳೇ ಇರಲಿ, ಪುಡಿ ಬೇಡ. ನಮ್ಮಲ್ಲಿ ತೆಂಗಿನ ಸಿಪ್ಪೆಗೆ ಬರ ಇಲ್ಲ ಅಲ್ವಾ, ಹಾಗಾಗಿ ಎಲ್ಲರೂ ಅದನ್ನೇ ತುಂಬುತ್ತಾರೆ. ಮಳೆಗಾಲದಲ್ಲಿ ಅದು ನೀರು ಹಿಡಿದು ಕೂರುತ್ತದೆ. ಬೇಸಿಗೆಗೆ ನಾಲ್ಕು ತುಂಡು ಮೇಲಿಟ್ಟರೆ ತೊಂದರೆ ಇಲ್ಲ, ಅದೂ ಕೆಲವು ದಿನ ನೀರಲ್ಲಿ ನೆನೆಸಿ, ಕೆಂಪು ನೀರು ಚೆಲ್ಲಿದ ಮೇಲೆ.

ನೆಟ್ಟ ಮೇಲೆ ಮೂರು ನಾಲ್ಕು ದಿನ ನೀರು ಬೇಡ. ಆಮೇಲೆ ಬೇರಿನ ಬಣ್ಣವೇ ಹೇಳುತ್ತದೆ. ಹಸಿರಿದ್ದರೆ ಬೇಡ, ಬೆಳ್ಳಗಾದರೆ ಬೇಕು. ನಾನು ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ, ಕೆಲವೊಮ್ಮೆ ಅದೂ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಇದ್ದಿಲಿನ ಚಟ್ಟಿಗೆ ಎರಡು ದಿನಕ್ಕೊಮ್ಮೆ. ಯಾವಾಗಲೂ ಬೆಳಿಗ್ಗೆಯೇ ಹಾಕಿ. ಸುಳಿಯಲ್ಲಿ ನೀರು ನಿಂತರೆ ಬಟ್ಟೆಯ ತುದಿಯಿಂದ ಹೀರಿ ತೆಗೆಯಿರಿ. ನಮಗೆ ಸುರಂಗದ ನೀರು, ಮುರಕಲ್ಲು ಗುಡ್ಡೆಯೊಳಗಿಂದ ಬರುವ ಮೆದು ನೀರು. ಬೋರ್‌ವೆಲ್ ನೀರು ಹಾಕುವವರು ಇದ್ದಿಲಿನ ಮೇಲೆ ಬಿಳಿ ಪದರ ಕಟ್ಟುತ್ತದೆಯೇ ನೋಡಿ. ಆ ಉಪ್ಪು ಬೇರಿನ ತುದಿಯನ್ನು ಸುಡುತ್ತದೆ. ಮಳೆನೀರು ಹಿಡಿದಿಟ್ಟುಕೊಂಡರೆ ಬಹಳ ಒಳ್ಳೆಯದು.

ಗೊಬ್ಬರ ಹೊಸ ಬೇರು ಬರುವವರೆಗೆ ಬೇಡ. ಬಂದ ಮೇಲೆ ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ 19:19:19 ಗೊಬ್ಬರದ ಪುಡಿಯನ್ನು ಲೀಟರಿಗೆ ಒಂದು ಗ್ರಾಂ ಕರಗಿಸಿ ಹದಿನೈದು ದಿನಕ್ಕೊಮ್ಮೆ ಕೊಡಿ. ಸೆಗಣಿ ನೀರು ಹಾಕಬೇಡಿ.

ಇನ್ನೊಂದು ಎಚ್ಚರಿಕೆ ಅಡಿಕೆ ತೋಟದ ಮನೆಯವರಿಗೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಬಿಡುವ ದಿನ ಡ್ರಮ್ಮಿನ ಅಡಿಯಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ಹೂಗಿಡಕ್ಕೂ ಒಂದು ಕೈ ಬಿಡೋಣ ಎಂದು ನಮ್ಮವರು ಹೊರಟಿದ್ದರು, ನಾನು ತಡೆದೆ. ಮೈಲುತುತ್ತಿನ ತಾಮ್ರ ಆರ್ಕಿಡ್‌ಗೆ ಆಗಿಬರುವುದಿಲ್ಲ, ಡೆಂಡ್ರೋಬಿಯಂ ಎಂಬ ಜಾತಿಯ ಆರ್ಕಿಡ್‌ಗಂತೂ ವಿಷವೇ. ಮದ್ದು ಬಿಡುವ ದಿನ ಚಟ್ಟಿಗಳನ್ನು ಒಳಗಿಡಿ.

ಡೆಂಡ್ರೋಬಿಯಂ ಎಂದಾಗ ನೆನಪಾಯಿತು. ಅದರ ಹಳೇ ಕಾಂಡಗಳ ಎಲೆ ಹಳದಿಯಾಗಿ ಉದುರುವುದು ಸಹಜ. ಬೋಳಾದ ಕಾಂಡವನ್ನು ಸುಮ್ನೆ ಕತ್ತರಿಸಬೇಡಿ. ಅದು ನೀರು, ಆಹಾರ ಕೂಡಿಟ್ಟಿರುತ್ತದೆ. ಎಷ್ಟೋ ಸಲ ಅದರ ಗಂಟಿನಿಂದಲೇ ಮರಿ ಹುಟ್ಟುತ್ತದೆ.

ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ. ಅದನ್ನು ಕಾಯುತ್ತ ಕೂರಬೇಡಿ. ಬೇರಿನ ತುದಿ ಕಾಯಿರಿ. ಆಗಸ್ಟ್ ಕೊನೆಗೆ ನನ್ನ ಗಿಡದ ಬುಡದಲ್ಲಿ ಅಕ್ಕಿ ಕಾಳಿನಷ್ಟು ಹಸಿರು ಮೊಳಕೆ ಕಂಡಿತು. ನಾಲ್ಕನೇ ದಿನ ಅದಿರಲಿಲ್ಲ. ಬಸವನಹುಳು ರಾತ್ರಿ ತಿಂದಿತ್ತು. ಅವತ್ತೇ ಚಟ್ಟಿಗೆ ತಂತಿ ಕಟ್ಟಿ ಪೂರ್ವದ ಜಗಲಿಯಲ್ಲಿ ತೂಗು ಹಾಕಿದೆ. ಬೆಳಗಿನ ಎಳೆಬಿಸಿಲು ಸಿಗುತ್ತದೆ, ಮಳೆಯ ಎರಚಲು ತಾಗುವುದಿಲ್ಲ. ಅಕ್ಟೋಬರ್‌ನಲ್ಲಿ ಹೊಸ ಎಲೆ ಬಂತು. ಜನವರಿಯ ತಂಪಿಗೆ ಹೂವಿನ ದಂಟೂ ಹೊರಟಿತು. ಮೂರೂವರೆ ಎಲೆಯ ಗಿಡ, ಹೂ ಬಿಟ್ಟರೆ ಸೋತುಹೋಗುತ್ತದೆ. ಎರಡು ದಿನ ನೋಡಿ ನೋಡಿ, ಕೊನೆಗೆ ದಂಟು ಕತ್ತರಿಸಿದೆ. ತುಂಬ ಬೇಜಾರಾಯಿತು.

ಈಗ ಐದು ಎಲೆ ಇವೆ. ಒಂದು ಬೇರು ಚಟ್ಟಿಯ ತೂತಿನಿಂದ ಹೊರಗೆ ಬಂದು ಗಾಳಿಯಲ್ಲಿ ಚಾಚಿಕೊಂಡಿದೆ. ನಿಮ್ಮ ಗಿಡದಲ್ಲೂ ಹಾಗೆ ಬಂದರೆ ಒಳಗೆ ತುರುಕಬೇಡಿ, ಕತ್ತರಿಸಲೂ ಬೇಡಿ. ಹಾಗೇ ಇರಲಿ ಬಿಡಿ.